ಜೆಮೆವಿ: ತುರ್ಕಿಯ ಅಲೇವಿಗಳ ಸಮ್ಮತಿಯ ಮನೆ

ಯುರೋಪು ಮತ್ತು ಏಷ್ಯಾ ಖಂಡಗಳೆರಡರಲ್ಲೂ ಹರಡಿಕೊಂಡಿರುವ ಇಸ್ತಾಂಬುಲ್ ನಗರದ ಪಶ್ಚಿಮ ಭಾಗದಲ್ಲಿ ಯೆನಿಬೊಸ್ನಾ ಎಂಬ ಜನನಿಬಿಡ ಬಡಾವಣೆಯುಂಟು. ಅಲ್ಲಿ ಅಲೇವಿ ಪಂಥದವರ ಒಂದು ದೊಡ್ಡ ಜೆಮೆವಿ ಇದೆ. 2006ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅದನ್ನು ನಡೆಸುವ ಜೆಮ್ ಪ್ರತಿಷ್ಠಾನವು ವಿದ್ಯುತ್ ಸರಬರಾಜು ಮಾಡುವವರಿಗೆ ಒಂದು ಅರ್ಜಿಯನ್ನು ಸಲ್ಲಿಸಿತು. ತುರ್ಕಿಯ ಕಾನೂನಿನಂತೆ ಮಸೀದಿ, ಇಗರ್ಜಿ ಮತ್ತು ಯೆಹೂದ್ಯರ ಪ್ರಾರ್ಥನಾ ಮಂದಿರಗಳ ದೀಪದ ಖರ್ಚನ್ನು ಸರ್ಕಾರದ ಧಾರ್ಮಿಕ ವ್ಯವಹಾರಗಳ ಇಲಾಖೆಯ ನಿಧಿಯಿಂದ ಭರಿಸಲಾಗುತ್ತದೆ; ತಮ್ಮದೂ ಪೂಜಾಸ್ಥಾನವೇ ಆಗಿರುವುದರಿಂದ ತಮಗೂ ಆ ವಿನಾಯಿತಿ ಸಲ್ಲಬೇಕು ಎಂಬುದೇ ಆ ಅರ್ಜಿಯ ಸಾರಾಂಶ. ಅರ್ಜಿ ತಿರಸ್ಕೃತವಾಯಿತು. ಪ್ರತಿಷ್ಠಾನವು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ, ಧಾರ್ಮಿಕ ವ್ಯವಹಾರಗಳ ಇಲಾಖೆಯ ಅಭಿಪ್ರಾಯವನ್ನು ಆಧರಿಸಿ, ಜೆಮೆವಿಯು ಪೂಜಾಸ್ಥಾನವಲ್ಲ, ಒಂದು ಸಮುದಾಯ ಸೇರುವ ಸ್ಥಳ ಮಾತ್ರ ಎಂಬ ತೀರ್ಮಾನವಾಯಿತು. ಈ ನಡುವೆ ಪಾವತಿಯಾಗದೆ ಉಳಿದ ಬಾಕಿ 6,68,000 ಲಿರಾಗಳನ್ನು ದಾಟಿತ್ತು.

ಒಂದು ಬಿಲ್ಲಿನ ವ್ಯಾಜ್ಯ ಇಷ್ಟು ದೂರ ಬೆಳೆಯಲು ಕಾರಣವೇನೆಂಬುದನ್ನು ತಿಳಿಯಬೇಕಾದರೆ, ಆ ಮನೆಯೊಳಗೆ ನಡೆಯತಕ್ಕದ್ದೇನು ಎಂಬುದನ್ನು ಮೊದಲು ನೋಡಬೇಕು.

‘ಜೆಮ್’ ಎಂದರೆ ಕೂಟ, ‘ಎವ್’ ಎಂದರೆ ಮನೆ. ಕೂಟದ ಮನೆಯೇ ಜೆಮೆವಿ. ಜೆಮ್ ಎಂಬುದರ ಮೂಲ ಅರಬ್ಬೀ ಭಾಷೆಯ ‘ಜಮಾ’ ಎಂದು ಹೇಳುತ್ತಾರೆ. ಕನ್ನಡದ ಲೆಕ್ಕಪುಸ್ತಕಗಳಲ್ಲಿ ಬರುವ ಜಮಾಖರ್ಚಿನ ಜಮಾ, ಜನ ಜಮಾಯಿಸಿದರು ಎನ್ನುವಾಗಿನ ಮಾತು ಇವೂ ಆ ಮೂಲದವೇ. ಸಾಮಾನ್ಯವಾಗಿ ಗುರುವಾರ ಸಂಜೆ ಈ ಕೂಟ ನೆರೆಯುತ್ತದೆ. ಸ್ತ್ರೀಪುರುಷರು ಒಂದೇ ಅಂಗಳದಲ್ಲಿ, ಮುಖಕ್ಕೆ ಮುಖ ಕಾಣುವಂತೆ ವರ್ತುಲಾಕಾರವಾಗಿ ಕುಳಿತುಕೊಳ್ಳುತ್ತಾರೆ. ಒಳಗೆ ಬಂದ ಮೇಲೆ ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲರೂ ‘ಜಾನ್’, ಅಂದರೆ ಜೀವಾತ್ಮರು. ಕೂಟದ ಹಿರಿಯನಿಗೆ ‘ದೆದೆ’ ಎಂದು ಹೆಸರು. ತುರ್ಕಿ ಭಾಷೆಯಲ್ಲಿ ಆ ಶಬ್ದಕ್ಕೆ ಅಜ್ಜ ಎಂದೇ ಅರ್ಥ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಠದ ಸ್ವಾಮಿಗಳನ್ನು ಭಕ್ತರು ಅಜ್ಜಾರು ಎಂದು ಕರೆಯುವುದನ್ನು ಬಲ್ಲವರಿಗೆ ಇದು ಹೊಸದೆನಿಸದು.

ಕೂಟದಲ್ಲಿ ಹನ್ನೆರಡು ಸೇವೆಗಳುಂಟು. ದೀಪ ಹಚ್ಚುವವರು, ಕಸ ಗುಡಿಸುವವರು, ಬಾಗಿಲು ಕಾಯುವವರು, ಕೈಗೆ ನೀರು ಹಾಕುವವರು, ಊಟ ಬಡಿಸುವವರು ಇವರೆಲ್ಲರೂ ಪೂಜೆಯ ಅಂಗವೇ ಹೊರತು ಪೂಜೆಗೆ ಹೊರಗಿನ ಆಳುಗಳಲ್ಲ. ‘ಜಾಕಿರ್’ ಎಂಬ ಗಾಯಕನು ಸಾಜ್ ಎಂಬ ತಂತಿವಾದ್ಯವನ್ನು ನುಡಿಸುತ್ತ ಹಿಂದಿನ ಸಂತಕವಿಗಳ ಪದಗಳನ್ನು ಹಾಡುತ್ತಾನೆ. ಪದಗಳು ಬಹುಮಟ್ಟಿಗೆ ಜನರ ಆಡುಮಾತಾದ ತುರ್ಕಿಯಲ್ಲಿವೆ, ಅರಬ್ಬಿಯಲ್ಲಲ್ಲ. ಹಾಡು ಏರಿದಂತೆ ಕೆಲವರು ಎದ್ದು ‘ಸೆಮಾಹ್’ ಎಂಬ ಸುತ್ತುನಡೆಯಲ್ಲಿ ತೊಡಗುತ್ತಾರೆ. ಇದನ್ನು ಕುಣಿತವೆಂದರೆ ಅಲೇವಿಗಳು ಒಪ್ಪುವುದಿಲ್ಲ. ಕೊನೆಗೆ ‘ಲೊಕ್ಮಾ’, ಎಂದರೆ ತುತ್ತು. ಮನೆಮನೆಯಿಂದ ತಂದದ್ದನ್ನು ಒಟ್ಟುಗೂಡಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಹಂಚಿದ ಮೇಲೆ, ತನ್ನ ಪಾಲಿನಲ್ಲಿ ತೃಪ್ತನಲ್ಲದವನು ಯಾರಾದರೂ ಇದ್ದಾನೆಯೇ ಎಂದು ದೆದೆ ಕೇಳುತ್ತಾರೆ. ಉತ್ತರ ಬರುವವರೆಗೆ ಯಾರೂ ತಿನ್ನುವುದಿಲ್ಲ.

ಈ ಪ್ರಶ್ನೆಯೇ ಜೆಮ್ ಕೂಟದ ಪ್ರಾಣ. ಕೂಟದ ಆರಂಭದಲ್ಲಿಯೂ ಇದನ್ನೇ ಕೇಳಲಾಗುತ್ತದೆ, ಆದರೆ ಆಗ ಅದರ ವಿಷಯ ಅನ್ನವಲ್ಲ. ನೆರೆದವರು ಒಬ್ಬರ ಮೇಲೊಬ್ಬರು ಸಮಾಧಾನದಿಂದಿರುವರೇ, ತಮ್ಮ ಮೇಲೆಯೂ ಅವರಿಗೆ ಸಮಾಧಾನವುಂಟೇ ಎಂದು ದೆದೆ ವಿಚಾರಿಸುತ್ತಾರೆ. ಮನಸ್ತಾಪವಿದ್ದವರು ಎದ್ದು ನಡುವಣ ಸ್ಥಳಕ್ಕೆ ಬರಬೇಕು. ಆ ಸ್ಥಳದ ಹೆಸರು ‘ದಾರ್’. ದಾರ್ ಎಂದರೆ ಗಲ್ಲುಗಂಬ, ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್ ಹಲ್ಲಾಜನ ಸ್ಮರಣೆಗಾಗಿ ಬಂದ ಹೆಸರು ಅದು. ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳ ಮೇಲಿಟ್ಟು, ತಲೆಬಾಗಿ, ಸಾಲ ಕೊಟ್ಟವನ ಮುಂದೆ ಸಾಲಗಾರ, ನೊಂದವನ ಮುಂದೆ ನೋಯಿಸಿದವ ಅಲ್ಲಿ ನಿಲ್ಲುತ್ತಾನೆ. ಅಪರಾಧವಿದ್ದರೆ ಒಪ್ಪಿಕೊಳ್ಳಬೇಕು, ಹಾನಿಯಾಗಿದ್ದರೆ ತುಂಬಿಕೊಡಬೇಕು. ನೊಂದವನು ಸಮಾಧಾನ ಹೊಂದಿದೆನೆಂದು ತನ್ನ ಬಾಯಿಂದ ಹೇಳಿದ ಬಳಿಕವೇ ಕೂಟ ಮುಂದುವರಿಯಬೇಕೆಂಬುದು ಶಾಸ್ತ್ರ. ಒಪ್ಪದೆ ಉಳಿದವರು ಹೊರಗೆ ನಡೆಯಬೇಕು. ಇದಕ್ಕೆ ಅವರು ಕೊಟ್ಟಿರುವ ಹೆಸರು ‘ರಿಜಾಲಿಕ್’, ಅಂದರೆ ಪರಸ್ಪರ ಸಮ್ಮತಿ. ಇದರ ಧಾತುವೂ ಅರಬ್ಬಿಯದೇ. ಕನ್ನಡದ ರಾಜಿ, ರಾಜೀನಾಮೆಗಳು, ಅಷ್ಟೇ ಏಕೆ, ಶಾಲೆಯ ಮಕ್ಕಳಿಗೆ ಪರಮಪ್ರಿಯವಾದ ರಜಾ ಕೂಡ ಅದೇ ಧಾತುವಿನಿಂದ ಹುಟ್ಟಿದವು. ಆದರೆ ನಮ್ಮ ಕೋರ್ಟುಕಚೇರಿಗಳ ರಾಜಿಗೂ ಇದಕ್ಕೂ ಅಂತರವಿದೆ. ರಾಜಿಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತಾರೆ. ರಿಜಾಲಿಕ್‌ನಲ್ಲಿ ತಪ್ಪಿದವನು ನಿಂತು ಕೇಳಬೇಕು, ನೊಂದವನು ಕೊಡಬೇಕು. ನೊಂದವನ ಪರವಾಗಿ ಮತ್ತೊಬ್ಬನು ಕ್ಷಮಿಸುವಂತಿಲ್ಲ.

ಸ್ತ್ರೀಪುರುಷ ಸಮಾನತೆ, ಆಡುಮಾತಿನ ಪದಗಳು, ಸಹಪಂಕ್ತಿ ಇವನ್ನೆಲ್ಲ ಕೇಳಿದೊಡನೆ ಶರಣಧರ್ಮದ ವಾಚಕರಿಗೆ ಕಲ್ಯಾಣದ ಅನುಭವ ಮಂಟಪವೂ ದಾಸೋಹವೂ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ದೆದೆಯ ಸ್ಥಾನ ವಂಶಪಾರಂಪರ್ಯವಾದದ್ದು. ಅಲೇವಿಗಳ ಭಕ್ತಿಯ ಕೇಂದ್ರದಲ್ಲಿರುವವರು ಪೈಗಂಬರ್ ಮುಹಮ್ಮದರು, ಅವರ ಅಳಿಯ ಅಲಿ ಮತ್ತು ಹನ್ನೆರಡು ಇಮಾಮರು. ಎರಡೂ ಬೇರೆ ಬೇರೆ ನೆಲದಲ್ಲಿ ಬೇರೂರಿದ ಮರಗಳು.

ಅಲೇವಿಗಳಲ್ಲಿ ತುರ್ಕಿ ಮಾತನಾಡುವವರೂ ಇದ್ದಾರೆ, ಕುರ್ದಿ ಮಾತನಾಡುವವರೂ ಇದ್ದಾರೆ. ದಿನಕ್ಕೆ ಐದು ಸಲದ ನಮಾಜು, ರಂಜಾನಿನ ಉಪವಾಸ ಇವುಗಳನ್ನು ಅವರಲ್ಲಿ ಹೆಚ್ಚಿನವರು ಆಚರಿಸುವುದಿಲ್ಲ. ತಮ್ಮದು ಇಸ್ಲಾಮಿನ ಒಂದು ದಾರಿಯೆಂದು ಕೆಲವರು, ಸ್ವತಂತ್ರ ಧರ್ಮವೆಂದು ಕೆಲವರು ವಾದಿಸುತ್ತಾರೆ. ಇಂಥ ವಾದ ನಮ್ಮ ಕಡೆಯ ವಾಚಕರಿಗೆ ಅಪರಿಚಿತವೇನಲ್ಲ. ಅವರೆಲ್ಲರೂ ಗೌರವಿಸುವ ಗುರು ಹಾಜಿ ಬೆಕ್ತಾಷ್ ವಲಿಯವರು. ಖೊರಾಸಾನಿನ ನಿಶಾಪುರದಿಂದ ಬಂದು, ಹದಿಮೂರನೆಯ ಶತಮಾನದಲ್ಲಿ ನಡು ಅನಾತೋಲಿಯಾದ ಒಂದು ಹಳ್ಳಿಯಲ್ಲಿ ನೆಲೆಸಿದವರೆಂದು ಪರಂಪರೆ ಹೇಳುತ್ತದೆ. ಆ ಹಳ್ಳಿ ಇಂದು ಅವರ ಹೆಸರಿನ ಪಟ್ಟಣವಾಗಿದೆ. ಮಡಿಲಲ್ಲಿ ಜಿಂಕೆಯನ್ನೂ ಸಿಂಹವನ್ನೂ ಒಟ್ಟಿಗೆ ಆತುಕೊಂಡು ಕುಳಿತ ಅವರ ಚಿತ್ರವು ಅಲೇವಿಗಳ ಅನೇಕ ಮನೆಗಳ ಗೋಡೆಯ ಮೇಲೆ ಕಾಣುತ್ತದೆ. ಅವರ ಮಠಕ್ಕೆ ಒಂದು ಕಾಲದಲ್ಲಿ ಆ ಸೀಮೆಯ ಕ್ರೈಸ್ತರೂ ಬರುತ್ತಿದ್ದರು. ಅಲ್ಲಿ ಮಲಗಿರುವವರು ತಮ್ಮ ಸಂತ ಖರಲಾಂಬೋಸರೆಂದು ನಂಬಿ, ಶಿಲುಬೆಯ ಗುರುತು ಮಾಡಿಕೊಂಡು ಗದ್ದುಗೆಯೊಳಕ್ಕೆ ಪ್ರವೇಶಿಸುತ್ತಿದ್ದರೆಂದು ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ವಿದ್ವಾಂಸ ಹಾಸ್‌ಲಕ್ ದಾಖಲಿಸಿದ್ದಾನೆ. ಮಠದವರು ಅವರನ್ನು ತಡೆಯಲಿಲ್ಲ.

ರಾಜಶಕ್ತಿ ಮಾತ್ರ ಈ ಮಠವನ್ನು ಎರಡು ಸಲ ಮುಟ್ಟಿತು. 1826ರಲ್ಲಿ ಸುಲ್ತಾನ ಎರಡನೆಯ ಮಹಮೂದನು ಜಾನಿಸರಿ ಎಂಬ ಸೈನ್ಯವನ್ನು ನಾಶಪಡಿಸಿದಾಗ, ಅದರೊಡನೆ ನಿಕಟ ಸಂಬಂಧ ಹೊಂದಿದ್ದ ಬೆಕ್ತಾಷಿ ಮಠಗಳನ್ನೂ ಮುಚ್ಚಿಸಿದನು. ಮೂಲಮಠದೊಳಗೆ ಬೇರೊಂದು ಸೂಫಿ ಪಂಥದ ಗುರುವನ್ನು ಕೂರಿಸಿ, ಮಸೀದಿಯನ್ನೂ ಕಟ್ಟಿಸಲಾಯಿತು. 1925ರ ನವೆಂಬರ್ 30ರಂದು ನೂತನ ಗಣರಾಜ್ಯವು 677ನೆಯ ಸಂಖ್ಯೆಯ ಕಾಯಿದೆಯಿಂದ ದೇಶದ ಎಲ್ಲ ಪಂಥಗಳ ಮಠಗಳನ್ನೂ ಮುಚ್ಚಿತು. ಹಾಜಿ ಬೆಕ್ತಾಷರ ಮಠವು 1964ರ ಆಗಸ್ಟ್ 16ರಂದು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ತಮ್ಮ ಗುರುವಿನ ಗದ್ದುಗೆಗೆ ತಲೆಬಾಗಲು ಭಕ್ತರು ದೀರ್ಘಕಾಲ ಟಿಕೆಟು ಕೊಂಡು ಒಳಹೋಗಬೇಕಾಯಿತು.

ಹಳ್ಳಿಗಳಲ್ಲಿ ಜೆಮ್ ಕೂಟಕ್ಕೆ ಪ್ರತ್ಯೇಕ ಕಟ್ಟಡದ ಅಗತ್ಯವಿರಲಿಲ್ಲ. ಸುಗ್ಗಿ ಮುಗಿದು ಚಳಿಗಾಲ ಬಂದಾಗ ದೆದೆ ಊರಿಗೆ ಬರುತ್ತಿದ್ದರು, ಊರಿನ ದೊಡ್ಡ ಮನೆಯಲ್ಲಿ ಕೂಟ ಸೇರುತ್ತಿತ್ತು, ಬಾಗಿಲಲ್ಲಿ ಕಾವಲು ನಿಲ್ಲುತ್ತಿತ್ತು. 1950ರ ದಶಕದಿಂದೀಚೆಗೆ ಜನ ಇಸ್ತಾಂಬುಲ್, ಅಂಕಾರಾಗಳ ಕಾರ್ಖಾನೆಗಳಿಗೆ ವಲಸೆ ಹೋದಂತೆ ಆ ಮನೆಗಳೂ ಊರುಗಳೂ ಹಿಂದುಳಿದವು. ನಗರದಲ್ಲಿ ಅವರಿಗೆ ಮೊದಲು ಬಾಧಿಸಿದ ಕೊರತೆ ಪೂಜೆಯದಲ್ಲ, ಸಾವಿನದು. ಶವವನ್ನು ತೊಳೆಯುವುದೆಲ್ಲಿ, ಅಂತ್ಯಪ್ರಾರ್ಥನೆ ನಡೆಸುವವರಾರು? ಮಸೀದಿಯ ಇಮಾಮರಲ್ಲಿ ಕೆಲವರು ಅಲೇವಿಗಳ ಶವಕ್ಕೆ ಪ್ರಾರ್ಥನೆ ಸಲ್ಲಿಸಲು ಹಿಂಜರಿದ ಪ್ರಸಂಗಗಳುಂಟು. ಹೀಗಾಗಿ 1980ರ ದಶಕದ ಕೊನೆಯಿಂದ ನಗರಗಳಲ್ಲಿ ತಲೆಯೆತ್ತಿದ ಜೆಮೆವಿಗಳಲ್ಲಿ ಕೂಟದ ಅಂಗಳದ ಜೊತೆಗೇ ಶವಸ್ನಾನದ ಕೋಣೆ, ಅಡುಗೆಮನೆ, ಸಾಜ್ ಕಲಿಸುವ ತರಗತಿ, ಗ್ರಂಥಾಲಯ ಇವೆಲ್ಲ ಒಂದೇ ಸೂರಿನಡಿ ಬಂದವು. ಅಲೇವಿಗಳು ಸತ್ತವರನ್ನು ಸತ್ತರೆನ್ನುವುದಿಲ್ಲ, ಸತ್ಯದ ಕಡೆಗೆ ನಡೆದರು ಎನ್ನುತ್ತಾರೆ, ನಮ್ಮಲ್ಲಿ ಲಿಂಗೈಕ್ಯರಾದರು ಎನ್ನುವಂತೆ. ಆಗಲೂ ದೆದೆ ನೆರೆದವರನ್ನು ಕೇಳುವುದು ಅದೇ ಮಾತು: ಹೋದವರ ಮೇಲೆ ಸಮಾಧಾನವುಂಟೇ?

ನಗರದ ಕೂಟದಲ್ಲಿ ಒಂದು ನಷ್ಟವೂ ಆಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಹಳ್ಳಿಯಲ್ಲಿ ಯಾರ ಹೊಲದ ಬದುವನ್ನು ಯಾರು ಒತ್ತಿದರೆಂಬುದು ಎಲ್ಲರಿಗೂ ಗೊತ್ತು. ನೂರಾರು ಅಪರಿಚಿತರು ಸೇರುವ ನಗರದ ಸಭಾಂಗಣದಲ್ಲಿ ದೆದೆಯ ಪ್ರಶ್ನೆಗೆ ಎಲ್ಲರೂ ಒಕ್ಕೊರಲಿನಿಂದ ಸಮಾಧಾನವುಂಟೆಂದು ಬಿಡುವುದು ಸುಲಭ. ದಾರ್‌ಗೆ ಎದ್ದು ಬರುವವರು ವಿರಳವಾದರೆಂದು ಅಲೇವಿ ಹಿರಿಯರೇ ಕೊರಗುತ್ತಾರೆ.

ಇನ್ನು ಸ್ಮರಣೆಯ ಮಾತು. ಅಲೇವಿಗಳ ವರ್ಷದ ನಡುಗಂಬ ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಹುಸೇನರು ತಮ್ಮ ಸಣ್ಣ ಪರಿವಾರದೊಡನೆ ನೀರಿಲ್ಲದೆ ಹತರಾದುದರ ನೆನಪಿಗಾಗಿ ಅವರು ಹನ್ನೆರಡು ದಿನ ಉಪವಾಸವಿರುತ್ತಾರೆ. ಆ ದಿನಗಳಲ್ಲಿ ಬರಿಯ ನೀರನ್ನು ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ, ಪ್ರಾಣಿಯ ಮೇಲೆ ಕತ್ತಿ ಎತ್ತುವುದಿಲ್ಲ. ಈ ಕರ್ಬಲಾ ಕನ್ನಡ ನಾಡಿಗೂ ದೂರದ್ದಲ್ಲ. ಮುದಗಲ್ಲಿನ ಮೊಹರಮ್ಮಿಗೆ ಸುತ್ತಲ ಸೀಮೆಯ ಎಲ್ಲ ಜಾತಿಮತಗಳವರು ಸೇರುತ್ತಾರೆ. ಮುಸಲ್ಮಾನರ ಮನೆಗಳೇ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ದೇವರನ್ನು ಕೂರಿಸಿ ರಿವಾಯತ್ ಪದ ಹಾಡುವ ರೂಢಿಯುಂಟು. ಆದರೆ ಇಲ್ಲಿ ಹೆಜ್ಜೆಮೇಳವೂ ವೇಷವೂ ಇವೆ. ಅಲ್ಲಿ ಮೌನವೇ ಹೆಚ್ಚು.

ಅನಾತೋಲಿಯಾದ ಅಲೇವಿಗಳಿಗೆ ಕರ್ಬಲಾ ಹಳೆಯ ಕಥೆಯಾಗಿ ಉಳಿಯಲು ಕಾಲವು ಬಿಡಲಿಲ್ಲ. 1978ರ ಡಿಸೆಂಬರಿನಲ್ಲಿ ಮರಾಶ್ ಪಟ್ಟಣದಲ್ಲಿ ನೂರಕ್ಕೂ ಹೆಚ್ಚು ಜನ ಹತರಾದರು. 1993ರ ಜುಲೈ 2ರಂದು ಸಿವಾಸ್ ನಗರದಲ್ಲಿ, ಹದಿನಾರನೆಯ ಶತಮಾನದ ಸಂತಕವಿ ಪೀರ್ ಸುಲ್ತಾನ್ ಅಬ್ದಾಲರ ಉತ್ಸವಕ್ಕಾಗಿ ಕವಿಗಳೂ ಗಾಯಕರೂ ಸೆಮಾಹ್ ಕಲಿತ ಎಳೆಯರೂ ಮದಿಮಾಕ್ ಎಂಬ ಹೋಟೆಲಿನಲ್ಲಿ ತಂಗಿದ್ದರು. ಸಲ್ಮಾನ್ ರಶ್ದಿಯ ವಿವಾದಾಸ್ಪದ ಕಾದಂಬರಿಯ ಭಾಗಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದ್ದ ಸಾಹಿತಿ ಅಜೀಜ್ ನೆಸಿನ್ ಅಲ್ಲಿದ್ದುದೇ ನೆಪವಾಯಿತು. ಶುಕ್ರವಾರದ ಪ್ರಾರ್ಥನೆ ಮುಗಿಸಿ ಬಂದ ಜನಸಮೂಹ ಗಂಟೆಗಟ್ಟಲೆ ಹೋಟೆಲನ್ನು ಮುತ್ತಿ, ಕೊನೆಗೆ ಬೆಂಕಿಯಿಟ್ಟಿತು. ನೆಸಿನ್ ಬದುಕಿಕೊಂಡರು. ಕವಿ ಮೆತಿನ್ ಅಲ್ತಿಯೋಕ್, ವಿಮರ್ಶಕ ಆಸಿಂ ಬೆಜಿರ್ಜಿ, ಗಾಯಕರಾದ ಮುಹ್ಲಿಸ್ ಅಕಾರ್ಸು, ಹಸ್ರೆತ್ ಗುಲ್ತೆಕಿನ್ ಮೊದಲಾಗಿ ಉತ್ಸವಕ್ಕೆ ಬಂದ 33 ಮಂದಿಯೂ ಹೋಟೆಲಿನ ಇಬ್ಬರು ನೌಕರರೂ ಮಡಿದರು. ಪೀರ್ ಸುಲ್ತಾನರನ್ನು ಗಲ್ಲಿಗೇರಿಸಿದ್ದೂ ಸಿವಾಸ್ ನಗರದಲ್ಲಿಯೇ ಎಂಬುದನ್ನು ಅಲೇವಿಗಳು ಮರೆತಿಲ್ಲ.

ಸುಟ್ಟ ಹೋಟೆಲಿನ ನೆಲಮಾಳಿಗೆಯ ಮೇಲೆಯೇ ಕೆಲವು ವರ್ಷ ಮಾಂಸದ ಖಾನಾವಳಿ ನಡೆಯಿತು. ಕಟ್ಟಡವನ್ನು ನಾಚಿಕೆಯ ಸ್ಮಾರಕವಾಗಿ ಉಳಿಸಬೇಕೆಂದು ಮೃತರ ಬಂಧುಗಳು ಕೇಳಿಕೊಂಡರು. ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಂಡು 2011ರಲ್ಲಿ ವಿಜ್ಞಾನ ಮತ್ತು ಸಂಸ್ಕೃತಿ ಕೇಂದ್ರವಾಗಿ ತೆರೆಯಿತು. ಅದರೊಳಗೆ ಸ್ಮರಣೆಯ ಒಂದು ಮೂಲೆಯನ್ನು ಕಲ್ಪಿಸಿ 37 ಹೆಸರುಗಳನ್ನು ಬರೆಸಲಾಯಿತು. ಹೋಟೆಲಿನೊಳಗೆ ಸತ್ತವರು 35. ಉಳಿದ ಇಬ್ಬರು ಹೊರಗಿದ್ದ ಗುಂಪಿನವರು. ಅಕ್ಷರಾನುಕ್ರಮದಲ್ಲಿ ಎಲ್ಲರನ್ನೂ ಬೆರೆಸಿ ಬರೆದ ಆ ಪಟ್ಟಿಯನ್ನು ಬಂಧುಗಳು ಒಪ್ಪಲಿಲ್ಲ. ಸತ್ತವರಲ್ಲಿ ಭೇದವೆಣಿಸಬಾರದೆಂಬುದು ಪಟ್ಟಿ ಮಾಡಿದವರ ಉದಾರ ಆಶಯವಿದ್ದಿರಬಹುದು. ಆದರೆ ಜೆಮ್ ಕೂಟದ ಕ್ರಮವನ್ನು ಬಲ್ಲವರಿಗೆ ಅದರ ಕೊರತೆ ಒಡನೆಯೇ ಕಾಣುತ್ತದೆ. ಇಲ್ಲಿ ಯಾರೂ ದಾರ್‌ನಲ್ಲಿ ನಿಲ್ಲಲಿಲ್ಲ, ಯಾರೂ ನೊಂದವರನ್ನು ಕೇಳಲಿಲ್ಲ, ಆದರೂ ಸಮಾಧಾನವಾಯಿತೆಂದು ಗೋಡೆಯ ಮೇಲೆ ಬರೆಯಲಾಯಿತು. 2012ರ ಮಾರ್ಚಿನಲ್ಲಿ, ತಲೆಮರೆಸಿಕೊಂಡಿದ್ದ ಕೆಲವು ಆರೋಪಿಗಳ ಮೇಲಿನ ಮೊಕದ್ದಮೆಯನ್ನು ಕಾಲಮಿತಿ ಮೀರಿತೆಂದು ನ್ಯಾಯಾಲಯ ಕೈಬಿಟ್ಟಿತು. ಪ್ರತಿ ಜುಲೈ 2ರಂದು ಸಾವಿರಾರು ಜನ ಆ ಕಟ್ಟಡದ ಮುಂದಕ್ಕೆ ನಡೆದುಬಂದು ಹೂವಿಟ್ಟು ಹೋಗುತ್ತಾರೆ.

ಪರಮತದವರೊಡನೆ ಸಂವಾದವೆಂಬುದು ಜೆಮೆವಿಗಳಲ್ಲಿ ಭಾಷಣವೇದಿಕೆಗಿಂತ ಹೆಚ್ಚಾಗಿ ಅಡುಗೆಮನೆಯಿಂದ ಹೊರಡುತ್ತದೆ. ಮೊಹರಂ ಉಪವಾಸ ಮುಗಿದ ದಿನ ‘ಆಶುರೆ’ ಎಂಬ ಪಾಯಸ ಮಾಡುತ್ತಾರೆ. ಗೋಧಿ, ಕಡಲೆ, ಹುರುಳಿಯಂಥ ಕಾಳುಗಳು, ಒಣದ್ರಾಕ್ಷಿ, ಅಂಜೂರ ಇತ್ಯಾದಿಗಳನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿದ ಈ ಸಿಹಿಯನ್ನು ನೆರೆಹೊರೆಯವರಿಗೆಲ್ಲ, ಅವರು ಯಾವ ಮತದವರೆಂದು ಕೇಳದೆ, ಬಟ್ಟಲು ತುಂಬಿಸಿ ಕಳುಹಿಸುತ್ತಾರೆ. ಸುನ್ನಿಗಳೂ ಆಶುರೆ ಮಾಡುವರು. ಕ್ರೈಸ್ತ ಆರ್ಮೇನಿಯನ್ನರು ಇದಕ್ಕೆ ತೀರ ಸಮೀಪದ ಸಿಹಿಯೊಂದನ್ನು ಹೊಸವರ್ಷಕ್ಕೂ ಕ್ರಿಸ್ತಜಯಂತಿಗೂ ಮಾಡುವರು. ಖಾಲಿ ಬಟ್ಟಲನ್ನು ಹಿಂದಿರುಗಿಸದೆ ಅದರಲ್ಲಿ ಏನಾದರೊಂದು ಹಾಕಿ ಕಳುಹಿಸುವ ಸೌಜನ್ಯ ಆ ನಾಡಿನಲ್ಲಿಯೂ ಇದೆ.

ಮೇಲಿನಿಂದ ಇಳಿದ ಸಂವಾದಕ್ಕೆ ಮಾತ್ರ ಇಂಥ ಸ್ವಾಗತ ದೊರೆಯಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅಂಕಾರಾದ ತುಜ್ಲುಚಾಯಿರ್ ಎಂಬ ಅಲೇವಿಗಳೇ ಹೆಚ್ಚಾಗಿರುವ ಬಡಾವಣೆಯಲ್ಲಿ ಮಸೀದಿಯನ್ನೂ ಜೆಮೆವಿಯನ್ನೂ ಒಂದೇ ಆವರಣದಲ್ಲಿ, ನಡುವೆ ಒಂದು ಅನ್ನಛತ್ರದೊಡನೆ ಕಟ್ಟಲು ಅಡಿಗಲ್ಲು ಇಡಲಾಯಿತು. ಸುನ್ನಿಗಳ ಧಾರ್ಮಿಕ ನಾಯಕ ಫೆತುಲ್ಲಾ ಗುಲೆನ್ ಮತ್ತು ಜೆಮ್ ಪ್ರತಿಷ್ಠಾನದ ಅಧ್ಯಕ್ಷ, ಕಾನೂನಿನ ಪ್ರಾಧ್ಯಾಪಕ ಇಜ್ಜೆತ್ತಿನ್ ದೋಆನ್ ಇಬ್ಬರೂ ಇದರ ಹಿಂದಿದ್ದರು. ಕಲ್ಪನೆ ನೋಡಲು ಸುಂದರ. ಆದರೆ ಬಡಾವಣೆಯ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು, ಪೊಲೀಸರು ಅಶ್ರುವಾಯು ಸಿಡಿಸಿದರು. ತಮ್ಮನ್ನು ಮಸೀದಿಯ ಅಂಗಳಕ್ಕೆ ಸೇರಿಸಿ ಕರಗಿಸುವ ಉಪಾಯವಿದು ಎಂದು ಅವರು ಶಂಕಿಸಿದರು. ಶಂಕೆ ಸರಿಯೋ ತಪ್ಪೋ, ಅವರನ್ನು ಮುಂಚಿತವಾಗಿ ಕೇಳಿ ಸಮ್ಮತಿ ಪಡೆಯಬೇಕಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ರಿಜಾಲಿಕ್ಕನ್ನೇ ಪೂಜೆಯಾಗಿಸಿಕೊಂಡ ಜನರ ವಿಷಯದಲ್ಲಿ ಅದನ್ನೇ ಮರೆತದ್ದು ವಿಚಿತ್ರ.

ಯೆನಿಬೊಸ್ನಾದ ಬಿಲ್ಲು ಕೊನೆಗೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವನ್ನು ಮುಟ್ಟಿತು. 2014ರ ಡಿಸೆಂಬರ್ 2ರಂದು ಆ ನ್ಯಾಯಾಲಯವು, ಇತರ ಪೂಜಾಸ್ಥಾನಗಳಿಗೆ ಕೊಟ್ಟ ಸೌಲಭ್ಯವನ್ನು ಜೆಮೆವಿಗೆ ನಿರಾಕರಿಸಿದ್ದು ಪಕ್ಷಪಾತವೆಂದು ತೀರ್ಪಿತ್ತಿತು. ಅಲೇವಿ ಮಕ್ಕಳ ಮೇಲೆ ಶಾಲೆಯಲ್ಲಿ ಕಡ್ಡಾಯವಾಗಿ ಹೇರಲಾದ ಧರ್ಮಬೋಧನೆಯ ಕುರಿತು ಅದೇ ನ್ಯಾಯಾಲಯ 2007ರಲ್ಲಿಯೇ ಆಕ್ಷೇಪಿಸಿತ್ತು. ಅಧ್ಯಾಪಕರಾದ ವಾಚಕರು ಆ ತೀರ್ಪನ್ನೂ ಗಮನಿಸಬಹುದು. 2016ರ ಏಪ್ರಿಲ್ 26ರಂದು, 203 ಮಂದಿ ಅಲೇವಿಗಳು ಸಲ್ಲಿಸಿದ ಮನವಿಯ ಮೇಲೆ ಮಹಾಪೀಠವು ಧರ್ಮಸ್ವಾತಂತ್ರ್ಯದ ಉಲ್ಲಂಘನೆಯಾಗಿದೆಯೆಂದು ಇನ್ನೂ ಸ್ಪಷ್ಟವಾಗಿ ಹೇಳಿತು.

2022ರ ನವೆಂಬರಿನಲ್ಲಿ ತುರ್ಕಿಯ ಅಧ್ಯಕ್ಷರು ಅಲೇವಿ ಬೆಕ್ತಾಷಿ ಸಂಸ್ಕೃತಿ ಮತ್ತು ಜೆಮೆವಿ ಇಲಾಖೆಯೊಂದನ್ನು ಆಜ್ಞಾಪತ್ರದ ಮೂಲಕ ಸ್ಥಾಪಿಸಿದರು. ಜೆಮೆವಿಗಳ ದೀಪದ ಖರ್ಚನ್ನು ಸರ್ಕಾರವೇ ಭರಿಸುವ ಏರ್ಪಾಡೂ ಆಯಿತು. ಆದರೆ ಆ ಇಲಾಖೆಯನ್ನು ಸೇರಿಸಿದ್ದು ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯಕ್ಕೆ. ಮಸೀದಿಯ ದೀಪಕ್ಕೆ ಹಣ ಬರುವುದು ಧರ್ಮದ ಬಾಬಿನಿಂದ, ಜೆಮೆವಿಯ ದೀಪಕ್ಕೆ ಬರುವುದು ಸಂಸ್ಕೃತಿಯ ಬಾಬಿನಿಂದ. ಅಲೇವಿಗಳ ದೊಡ್ಡ ಒಕ್ಕೂಟಗಳು ಇದನ್ನು ಬಹಿರಂಗವಾಗಿ ವಿರೋಧಿಸಿದವು. ತಾವು ಕೇಳಿದ್ದು ಹಣವನ್ನಲ್ಲ, ಪೂಜಾಸ್ಥಾನವೆಂಬ ಹೆಸರನ್ನು ಎಂಬುದು ಅವರ ವಾದ. ಇಲಾಖೆಯ ನೆರವನ್ನು ಸ್ವೀಕರಿಸಿದ ಜೆಮೆವಿಗಳೂ ಇವೆ, ನಿರಾಕರಿಸಿ ತಮ್ಮ ದೀಪದ ಖರ್ಚನ್ನು ಚಂದಾ ಎತ್ತಿ ಕಟ್ಟಿಕೊಳ್ಳುವ ಜೆಮೆವಿಗಳೂ ಇವೆ.